ಗಂಟೆ ಒಂದು

ನಮ್ಮ ಮನೆಯಲ್ಲಿ ಜೋಗುಳ ಎಂದರೆ ಜೀಪಿನ ಸಾಮಾನಿನ ಪಟ್ಟಿ. ಅಪ್ಪನಿಗೆ ಬೇರೆ ಹಾಡು ಬರುತ್ತಿರಲಿಲ್ಲ. ಬಿಳಿ ಬಯಲಿಗೆ ಹೋಗಿ ಬಂದ ಮರುದಿನ ಅವನಿಗೆ ರಜೆ. ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ ಒಂದು ಕಡೆ ಅವನು, ಇನ್ನೊಂದು ಕಡೆ ಅಮ್ಮ, ನಡುವೆ ನಾನು. ಬೋಲ್ಟಿಗೂ ನಟ್ಟಿಗೂ ನಡುವಿನ ವಾಷರಿನಂತೆ ಚಪ್ಪಟೆಯಾಗಿ ಮಲಗಿರುತ್ತಿದ್ದೆನಂತೆ. ಅದಕ್ಕೇ ಅಪ್ಪ ನನ್ನನ್ನು ವಾಷರು ಎಂದೇ ಕರೆದ. ಒಂದನೇ ಕ್ಲಾಸಿನಲ್ಲಿ ಟೀಚರ್ ಹೆಸರು ಕೇಳಿದಾಗ ನಾನೂ ಹಾಗೆಯೇ ಹೇಳಿ ನಗೆಪಾಟಲಾದೆ.

ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅಪ್ಪ ನನ್ನ ಬೆನ್ನು ತಟ್ಟುತ್ತಾ ಶುರು ಮಾಡುತ್ತಿದ್ದ.

ಜಾಕಿ ಒಂದು, ಹಲಗೆ ಒಂದು, ಸ್ಟೆಪ್ನಿ ಎರಡು ಜೋ ಜೋ.
ಸಲಿಕೆ ಒಂದು, ಹಗ್ಗ ಒಂದು, ಗೋಣಿ ನಾಲ್ಕು ಜೋ ಜೋ.

ಜಾಕಿ ಮರಳಿನಲ್ಲಿ ಹೂತುಹೋಗದಿರಲು ಅದರ ಕೆಳಗೆ ಹಲಗೆ, ಚಕ್ರ ಸಿಕ್ಕಿಬಿದ್ದರೆ ಅದರ ಮುಂದೆ ಹಾಸಲು ಗೋಣಿ. ಆಮೇಲೆ ಹ್ಯಾಂಡಲ್ ಒಂದು, ಪಂಪು ಒಂದು, ಫ್ಯಾನ್ ಬೆಲ್ಟು ಎರಡು. ಪಂಕ್ಚರ್ ಡಬ್ಬಿ, ಪ್ಲಗ್ಗು, ಫ್ಯೂಸು, ರೇಡಿಯೇಟರಿನ ರಬ್ಬರ್ ಪೈಪು, ಅದಕ್ಕೆ ಬಿಗಿಯುವ ಕ್ಲಿಪ್ಪು, ಕಬ್ಬಿಣದ ತಂತಿ ಒಂದು ಸುತ್ತು. ಸೋಪು ಒಂದು ಎಂದಾಗ ನಾನು ಪ್ರತಿಸಲವೂ ಕಣ್ಣು ಬಿಟ್ಟು, "ಜೀಪಿಗೆ ಸ್ನಾನ ಮಾಡಿಸ್ತೀಯಾ?" ಎಂದು ಕೇಳುತ್ತಿದ್ದೆ. "ಟ್ಯಾಂಕು ಕಲ್ಲಿಗೆ ತಗುಲಿ ತೂತಾದ್ರೆ ಸೋಪು ಮೆತ್ತಬೇಕು ಕಣೇ, ಮಲ್ಕೋ," ಎಂದು ಅವನೂ ಪ್ರತಿಸಲ ಅದನ್ನೇ ಹೇಳುತ್ತಿದ್ದ. ನೀರಿನ ಕ್ಯಾನು ಬರುವ ಹೊತ್ತಿಗೆ ನನ್ನ ರೆಪ್ಪೆ ಭಾರವಾಗುತ್ತಿತ್ತು. ಅದರಾಚೆ ಪಟ್ಟಿಯಲ್ಲಿ ಏನೇನಿತ್ತೋ ನಾನು ಕೇಳಲೇ ಇಲ್ಲ. ಕಟ್ಟಕಡೆಯ ಮಾತೊಂದು ಮಾತ್ರ ನಿದ್ದೆಯ ಅಂಚಿನಲ್ಲಿ ಕಿವಿಗೆ ಬಿದ್ದಂತಿತ್ತು, ಅದೂ ಬಿದ್ದಿತ್ತೋ ಕನಸೋ ಹೇಳಲಾರೆ. ಗಂಟೆ ಒಂದು ಜೋ ಜೋ.

ಅಪ್ಪ ಹವಾಮಾನ ಕಚೇರಿಯ ಡ್ರೈವರ್ ಆಗಿದ್ದ. ನಮ್ಮ ಊರು ಮುಗಿದ ಕೂಡಲೇ ಬಿಳಿ ಬಯಲು ಶುರುವಾಗುತ್ತದೆ. ಯಾವ ಕಾಲದಲ್ಲೋ ಅದು ಕೆರೆಯಾಗಿತ್ತಂತೆ. ಈಗ ಉಪ್ಪು ಹೆಪ್ಪುಗಟ್ಟಿದ ಗಟ್ಟಿ ನೆಲ, ನಡುನಡುವೆ ಮರಳು, ಒಂದು ಮರವಿಲ್ಲ, ಒಂದು ದಾರಿಯಿಲ್ಲ. ಅಲ್ಲಿ ಗಾಳಿ ಮತ್ತು ಬಿಸಿಲನ್ನು ಅಳೆಯುವ ಆರು ಕಂಬಗಳಿವೆ. ಹದಿನೈದು ದಿನಕ್ಕೊಮ್ಮೆ ಹೋಗಿ ಬ್ಯಾಟರಿ ಬದಲಾಯಿಸಿ, ಅಂಕಿ ಬರೆದುಕೊಂಡು ಬರಬೇಕು. ಮೂವತ್ತೊಂದು ವರ್ಷ ಅಪ್ಪ ಹೋದ. ಹನ್ನೊಂದು ವರ್ಷದಿಂದ ನಾನು ಹೋಗುತ್ತಿದ್ದೇನೆ. ಅವನದು ಪೆಟ್ರೋಲ್ ಜೀಪಿನ ಕಾಲ, ನನ್ನದು ಡೀಸೆಲ್ ಗಾಡಿಯ ಕಾಲ. ಡೀಸೆಲ್ ಗಾಡಿ ಜಗಮೊಂಡ. ಬೈದರೂ ಓಡುತ್ತದೆ, ಬೈಯದಿದ್ದರೂ ಓಡುತ್ತದೆ.

ಎರಡು ವರ್ಷದಿಂದ ಅಪ್ಪನಿಗೆ ಮರೆವು. ಊರು, ವರ್ಷ, ನೆಂಟರು ಮರೆತದ್ದು ನನಗೆ ಅಷ್ಟು ತಟ್ಟಲಿಲ್ಲ. ಸಾಮಾನಿನ ಹೆಸರು ಮರೆತಾಗ ಮಾತ್ರ ತಡೆಯಲಾಗಲಿಲ್ಲ. ಕಟಿಂಗ್ ಪ್ಲೇಯರನ್ನು ಕೈಯಲ್ಲಿ ಹಿಡಿದು, "ಇದು ಕಚ್ಚೋದು," ಎನ್ನುತ್ತಿದ್ದ. ಸ್ಕ್ರೂಡ್ರೈವರ್ "ತಿರುಗ್ಸೋದು" ಆಯಿತು. ಸುತ್ತಿಗೆ ಕೆಲವು ದಿನ "ಬಯ್ಯೋದು" ಆಗಿತ್ತು, ಯಾಕೆಂದು ಅವನಿಗೇ ಗೊತ್ತು.

ನನಗೋ ಕೋಪ ಮೂಗಿನ ತುದಿಯಲ್ಲಿ. ದಿನಾ ಸಂಜೆ ಕಚೇರಿಯಿಂದ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಹತ್ತು ಸಾಮಾನು ಸಾಲಾಗಿ ಇಟ್ಟು ಪರೀಕ್ಷೆ ಮಾಡುತ್ತಿದ್ದೆ. "ಇದ್ರ ಹೆಸ್ರೇನು? ಸರಿಯಾಗಿ ನೋಡು. ನೀನೇ ನನಗೆ ಕಲ್ಸಿದ್ದು." ಡಾಕ್ಟರು ಮಿದುಳಿಗೆ ಕೆಲಸ ಕೊಡಿ ಎಂದಿದ್ದರು, ನಾನು ಅದನ್ನೇ ಹಿಡಿದುಕೊಂಡಿದ್ದೆ. ಅಪ್ಪ ಒಂದೆರಡು ಹೇಳುತ್ತಿದ್ದ, ಆಮೇಲೆ ತಡವರಿಸುತ್ತಿದ್ದ, ಆಮೇಲೆ ಎರಡೂ ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದ. ನಾನು ಇನ್ನಷ್ಟು ಜೋರಾಗಿ ಕೇಳುತ್ತಿದ್ದೆ. "ಬಿಡೇ ಅವರನ್ನ, ಅವರೇನು ಶಾಲೆಗೆ ಸೇರಿದಾರಾ?" ಎಂದು ಒಲೆಯ ಕಡೆಯಿಂದ ಅಮ್ಮ ಬಯ್ಯುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ಅಪ್ಪ ಸ್ವಲ್ಪ ಸ್ವಲ್ಪವಾಗಿ ಕೈಜಾರಿ ಹೋಗುತ್ತಿದ್ದ, ನನಗೆ ಅದು ಹೆದರಿಕೆ. ಹೆದರಿಕೆಯನ್ನು ಕೋಪ ಮಾಡಿಕೊಂಡು ಬದುಕುವುದು ನನಗೆ ಮೊದಲಿನಿಂದ ಅಭ್ಯಾಸ.

ಹೀಗಿರುವಾಗ ನನ್ನ ಡೀಸೆಲ್ ಗಾಡಿಯ ಗೇರ್‌ಬಾಕ್ಸ್ ಕೈಕೊಟ್ಟಿತು. ಕಂಬಗಳ ಬ್ಯಾಟರಿ ಬದಲಿಸುವ ದಿನ ಹತ್ತಿರ ಬಂದಿತ್ತು. ನಮ್ಮ ಶೆಡ್ಡಿನ ಮೆಕ್ಯಾನಿಕ್ಕನಿಗೆ ಎಲ್ಲರೂ ಹೆಡ್‌ಲೈಟ್ ಎನ್ನುತ್ತಾರೆ, ಅವನ ಕನ್ನಡಕದ ಗಾಜು ಅಷ್ಟು ದಪ್ಪ. ಅವನು ಶೆಡ್ಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಅಪ್ಪನ ಹಳೆಯ ಜೀಪನ್ನು ಎರಡು ದಿನ ತಿಕ್ಕಿ ತೀಡಿ ಚಾಲೂ ಮಾಡಿದ.

"ಈ ವಾರ ಇದ್ರಲ್ಲೇ ಹೋಗ್ಬಾ. ಆದ್ರೆ ಇದ್ರ ಚಾಳಿನೇ ಬೇರೆ. ಏನೇನು ಇಟ್ಕೋಬೇಕು ಅಂತ ನಿಮ್ಮಪ್ಪನ್ನ ಕೇಳು."

"ಅಪ್ಪನಿಗೆ ಸುತ್ತಿಗೆ ಅಂದ್ರೆ ಏನು ಅಂತ ಗೊತ್ತಿಲ್ಲ ಅಣ್ಣಾ."

"ಹಾಡು ಗೊತ್ತಿರುತ್ತೆ ನೋಡು," ಎಂದ ಹೆಡ್‌ಲೈಟ್. ಜೋಗುಳದ ವಿಷಯ ಇಡೀ ಶೆಡ್ಡಿಗೇ ಗೊತ್ತಿತ್ತು.

ಅವನ ಮಾತು ನಿಜವಾಗಿತ್ತು. ಆಡುವಾಗ ತಡವರಿಸುವ ಅಪ್ಪ ಹಾಡುವಾಗ ಎಲ್ಲಿಯೂ ಎಡವಲಿಲ್ಲ. ಒಂದೇ ತೊಂದರೆ, ಕೂತು ಹಾಡು ಎಂದರೆ ಹಾಡುವವನಲ್ಲ. ಮಲಗಬೇಕು, ಪಕ್ಕದಲ್ಲಿ ತಟ್ಟಲು ಒಂದು ಬೆನ್ನು ಬೇಕು. ಸರಿ, ರಜೆ ಹಾಕಿ, ಮಧ್ಯಾಹ್ನ ಚಾಪೆ ಹಾಸಿ, ನಲವತ್ತಮೂರು ವರ್ಷದ ಹೆಂಗಸು ನಾನು ಪೆನ್ನು ಪುಸ್ತಕ ಹಿಡಿದು ಅಪ್ಪನ ಪಕ್ಕ ಮಲಗಿದೆ. ಪರದೆ ಉಬ್ಬಿತು, ಇಳಿಯಿತು. ಅಪ್ಪನ ಅಂಗೈ ಬೆನ್ನ ಮೇಲೆ ಬಿತ್ತು. ಜಾಕಿ ಒಂದು, ಹಲಗೆ ಒಂದು. ಸೋಪಿನವರೆಗೆ ಬರೆದುಕೊಂಡದ್ದು ನೆನಪಿದೆ. ಎಚ್ಚರವಾದಾಗ ಗಂಟೆ ನಾಲ್ಕಾಗಿತ್ತು, ಪೆನ್ನು ಚಾಪೆಯ ಮೇಲೆ ಗೀಚಿತ್ತು, ಅಪ್ಪ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ. ಮರುದಿನವೂ ಅದೇ ಆಯಿತು.

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ಕೊಡಿಲ್ಲಿ," ಎಂದು ಪುಸ್ತಕ ಇಸಿದುಕೊಂಡು ಬಾಗಿಲ ಬಳಿ ಕೂತು ನಿಧಾನವಾಗಿ ಬರೆಯತೊಡಗಿದಳು. ನಾನು ನಿದ್ದೆ ಹೋದ ಮೇಲೂ ಅಪ್ಪ ಹಾಡು ನಿಲ್ಲಿಸುತ್ತಿರಲಿಲ್ಲವಂತೆ. ಪಟ್ಟಿ ಅರ್ಧಕ್ಕೆ ಬಿಟ್ಟರೆ ಅರ್ಧ ಸಾಮಾನು ಮನೆಯಲ್ಲೇ ಬಿಟ್ಟ ಹಾಗೆ ಎಂದು ಪೂರ್ತಿ ಮುಗಿಸುತ್ತಿದ್ದನಂತೆ. ನನ್ನ ಆಚೆ ಬದಿಯಲ್ಲಿ ಅಮ್ಮ ಎಚ್ಚರವಾಗಿದ್ದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜೀಪಿನಲ್ಲಿ ಒಂದು ದಿನವೂ ಬಯಲಿಗೆ ಹೋಗದ ಅಮ್ಮನಿಗೆ ಕಾಯಿಲ್, ಕಂಡೆನ್ಸರ್ ಎಲ್ಲ ಬಾಯಿಪಾಠ. ಕೊನೆಯಲ್ಲಿ "ಗಂಟೆ ಒಂದು" ಎಂದು ಬರೆದು ಪುಸ್ತಕ ಮುಚ್ಚಿದಳು.

"ನೋಡಿದ್ಯಾ? ನನಗೂ ಅದು ಕೇಳ್ಸಿತ್ತು," ಎಂದೆ. "ಗಂಟೆ ಯಾಕಿತ್ತು ಜೀಪಲ್ಲಿ?"

"ಜೀಪಲ್ಲಿ ಯಾಕಿರುತ್ತೆ? ಗಂಟೆ ಒಂದಾಯ್ತು, ಮಲ್ಕೋ ಅಂತ ನಿನಗೆ ಹೇಳ್ತಿದ್ರು. ದಿನಾ ಅಷ್ಟು ಹೊತ್ತಿಗೇ ಅಲ್ವಾ ನೀನು ಮಲಗ್ತಿದ್ದಿದ್ದು?"

"ಪಟ್ಟಿ ಹಾಡ್ತಾ ಹಾಡ್ತಾ ಮಧ್ಯದಲ್ಲಿ ಟೈಮ್ ಹೇಳ್ತಾರಾ ಯಾರಾದ್ರೂ? ಜಾಕಿ ಒಂದು, ಸೋಪು ಒಂದು, ಗಂಟೆ ಒಂದು. ಅದು ಸಾಮಾನೇ. ಬಾರಿಸೋ ಗಂಟೆ. ಧೂಳೆದ್ದಾಗ ಬೇರೆಯವರಿಗೆ ಕೇಳ್ಸೋಕೆ ಇಟ್ಕೊಂಡಿರ್ತಾನೆ."

ಕೇಳಿಯೇಬಿಡೋಣ ಎಂದು ಹಿತ್ತಲಿಗೆ ಹೋದೆ. ಅಪ್ಪ ಖಾಲಿ ಕೊಡ ಹಿಡಿದು ನಿಂತಿದ್ದ. "ಅಪ್ಪ, ಜೀಪಲ್ಲಿ ಗಂಟೆ ಎಲ್ಲಿಟ್ಟಿರ್ತಿದ್ದೆ?"

"ಗಂಟೆನಾ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿ, ಅಂಗಿಯ ಜೇಬು ಮುಟ್ಟಿಕೊಂಡು, "ಇಟ್ಕೊಂಡಿದೀನಲ್ಲ," ಎಂದ. ಜೇಬಿನಲ್ಲಿ ಕರವಸ್ತ್ರ ಮಾತ್ರ ಇತ್ತು.

ಗುಜರಿ ಅಂಗಡಿಯಲ್ಲಿ ಹುಡುಕಿ ಯಾವುದೋ ಮುಚ್ಚಿಹೋದ ಶಾಲೆಯ ಕೈಗಂಟೆಯೊಂದನ್ನು ತಂದೆ. ಮರದ ಹಿಡಿ, ಹಿತ್ತಾಳೆಯ ಹೊಟ್ಟೆ, ಅಲ್ಲಾಡಿಸಿದರೆ ಹಲ್ಲು ಜುಂ ಎನ್ನಬೇಕು. ಹೆಡ್‌ಲೈಟ್ ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. "ಏನಮ್ಮಾ, ಬಯಲಲ್ಲಿ ಶಾಲೆ ತೆಗೀತೀಯಾ? ಹಾಜರಿ ನಾನೇ ಕೊಡ್ತೀನಿ ಮೊದ್ಲು." ಶೆಡ್ಡಿನವರೆಲ್ಲ ಒಂದು ವಾರ ನನ್ನನ್ನು ಟೀಚರಮ್ಮ ಎಂದರು. ಅಂದುಕೊಳ್ಳಲಿ, ನನಗೇನು.

ಹೊರಡುವ ದಿನ ಬೆಳಿಗ್ಗೆ ಜೀಪನ್ನು ಮನೆಯ ಮುಂದೆ ತಂದು ನಿಲ್ಲಿಸಿದೆ. ಇಂಜಿನ್ನಿನ ಸದ್ದು ಕೇಳಿ ಅಪ್ಪ ಚಪ್ಪಲಿ ಮೆಟ್ಟದೆಯೇ ಹೊರಗೆ ಬಂದ. ಬಂದವನು ಯಾರನ್ನೂ ಏನನ್ನೂ ಕೇಳಲಿಲ್ಲ. ಜಗುಲಿಯ ಮೇಲೆ ಗುಡ್ಡೆ ಹಾಕಿದ್ದ ಸಾಮಾನನ್ನು ಒಂದೊಂದಾಗಿ ಎತ್ತಿ ತುಂಬತೊಡಗಿದ. ಜಾಕಿ ಸೀಟಿನ ಕೆಳಗೆ, ಹಲಗೆ ಅದರ ಪಕ್ಕ ನೆಟ್ಟಗೆ, ಸಲಿಕೆಯ ಅಲಗು ಗೋಣಿಯ ಒಳಗೆ. ಕಣ್ಣು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹೆಸರು ಹೋಗಿದ್ದವು, ಜಾಗ ಹೋಗಿರಲಿಲ್ಲ. ನಾನು ಅಷ್ಟು ದಿನ ತಪ್ಪು ಪರೀಕ್ಷೆ ಮಾಡುತ್ತಿದ್ದೆನೆಂದು ಆಗ ಮೊದಲ ಸಲ ಅನ್ನಿಸಿತು. ಗಂಟೆಯನ್ನು ಮಾತ್ರ ಅವನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ ಜಗುಲಿಯ ಮೇಲೆಯೇ ಬಿಟ್ಟ. ನಾನು ಅದನ್ನೆತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿದೆ.

ಎಲ್ಲ ಮುಗಿಸಿ ಅಪ್ಪ ಹತ್ತಿ ಪಕ್ಕದ ಸೀಟಿನಲ್ಲಿ ಕೂತ. ಇಳಿ ಎಂದರೆ ಇಳಿಯಲಿಲ್ಲ. ಜಗ್ಗಿದರೆ ಕಂಬಿ ಹಿಡಿದುಕೊಂಡ. ನಿಜ ಹೇಳಬೇಕೆಂದರೆ ನಾನೂ ಬಹಳ ಜಗ್ಗಲಿಲ್ಲ. ಅವನು ಒಂದು ಸಲ, ಕೊನೆಯ ಸಲ, ಬಯಲನ್ನು ನೋಡಲಿ ಎಂಬ ಆಸೆ ನನಗೂ ಇತ್ತು. ಅಮ್ಮ ಒಳಗೆ ಹೋಗಿ ಅವನ ಚಪ್ಪಲಿ, ಟೋಪಿ, ಬುತ್ತಿ ಡಬ್ಬಿ ತಂದುಕೊಟ್ಟಳು. ಟೋಪಿಯನ್ನು ಅವನ ತಲೆಗಿಟ್ಟು, ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದಳು.

"ಇಷ್ಟನ್ನ ಕರ್ಕೊಂಡು ಹೋಗ್ತಿದೀಯ. ಇಷ್ಟನ್ನೂ ವಾಪಸ್ ಕರ್ಕೊಂಡು ಬಾ. ನನಗೆ ಇನ್ನು ಸ್ವಲ್ಪಾನೂ ಕಡಿಮೆ ಆಗೋದು ಬೇಡ."

ಬಯಲಿಗೆ ಇಳಿದೆವು. ಬೆಳಗಿನ ಬಿಸಿಲಿಗೆ ಉಪ್ಪು ನಸುಗೆಂಪಾಗಿತ್ತು. ಚಕ್ರದ ಕೆಳಗೆ ಅದು ಹಪ್ಪಳದಂತೆ ಒಡೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೂರದಲ್ಲಿ ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಹೋಗುತ್ತಿದ್ದೇವೋ ನಿಂತಿದ್ದೇವೋ ಅದೂ ಆಗಾಗ ತಿಳಿಯುತ್ತಿರಲಿಲ್ಲ. ಅಪ್ಪ ಕಿಟಕಿಯಿಲ್ಲದ ಬಾಗಿಲಿನಿಂದ ಕೈ ಹೊರಗಿಟ್ಟು ಗಾಳಿಯನ್ನು ಹಿಡಿದು ನೋಡುತ್ತಿದ್ದ. ನಡುವೆ ಒಮ್ಮೆ ಎರಡು ಬೆರಳು ಬಲಕ್ಕೆ ತೋರಿಸಿದ. ನಾನು ಬಲಕ್ಕೆ ತಿರುಗಿಸಿದೆ. ಎಡಗಡೆ ನೆಲದ ಬಣ್ಣ ಚೂರು ಕಪ್ಪಗಿದ್ದುದು ಆಮೇಲೆ ಕಂಡಿತು. ಅಲ್ಲಿ ಹೋಗಿದ್ದರೆ ಅಚ್ಚಿನ ತನಕ ಹೂತುಹೋಗುತ್ತಿದ್ದೆವು.

"ಚೆನ್ನಾಗಿ ಓಡಿಸ್ತೀಯಮ್ಮ," ಎಂದ. ನಾನು ಯಾರೆಂದು ಆಗ ಅವನಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಧೈರ್ಯವಾಗಲಿಲ್ಲ. ಖುಷಿ ಮಾತ್ರ ಆಯಿತು.

ಮೂರು ಕಂಬಗಳು ಹತ್ತೂವರೆಯೊಳಗೆ ಮುಗಿದವು. ನಾಲ್ಕನೆಯದಕ್ಕೆ ಹೋಗುವ ಹಾದಿಯಲ್ಲಿ ಮರಳು ಜಾಸ್ತಿ. ಗಾಳಿ ಬಿದ್ದುಹೋಯಿತು. ಸಣ್ಣ ಗೇರಿನಲ್ಲಿ ನಿಧಾನವಾಗಿ ಎಳೆದು ಎಳೆದು ಇಂಜಿನ್ ಕಾದು ಹೋಯಿತು. ಬಿಸಿಲುಗುದುರೆ ಸುತ್ತಲೂ ಕುಣಿಯುತ್ತಿತ್ತು. ಮುಂದೆ ಕೆರೆ, ಹಿಂದೆ ಕೆರೆ, ನಡುವೆ ನಾವು. ಮರಳು ದಾಟಿ ಗಟ್ಟಿ ಉಪ್ಪಿನ ನೆಲಕ್ಕೆ ಬರುತ್ತಿದ್ದಂತೆ ಜೀಪು ಎರಡು ಸಲ ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಗಡಿಯಾರ ನೋಡಿಕೊಂಡೆ, ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ಬಾನೆಟ್ ಎತ್ತಿದೆ. ನೀರು ಇತ್ತು, ಬೆಲ್ಟು ಸರಿ ಇತ್ತು. ಪ್ಲಗ್ ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗಿ ಹಾರುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಜಾಸ್ತಿ. ಪೆಟ್ರೋಲ್ ಇದೆ, ಕಿಡಿ ಇದೆ, ಇನ್ನೇನು ರೋಗ ಇದಕ್ಕೆ? ಹತ್ತಿ ಸ್ಟಾರ್ಟರ್ ಒತ್ತಿದೆ, ಮತ್ತೆ ಒತ್ತಿದೆ, ಬೈಯುತ್ತಾ ಒತ್ತಿದೆ. ಹಳೆಯ ಬ್ಯಾಟರಿ ನರಳಿ ನರಳಿ ಸುಮ್ಮನಾಯಿತು. ಡೀಸೆಲ್ ಗಾಡಿಯವಳ ಬುದ್ಧಿ ನನ್ನದು, ಒತ್ತಿದರೆ ಹತ್ತಲೇಬೇಕು. ಪೆಟ್ರೋಲ್ ಪಂಪು ಬಿಚ್ಚೋಣವೆಂದು ಸ್ಪ್ಯಾನರ್ ಹಿಡಿದು ಬಗ್ಗಿದೆ. "ಅಪ್ಪ, ಆ ಕಚ್ಚೋದು ಕೊಡು," ಎಂದೆ. ಉತ್ತರ ಬರಲಿಲ್ಲ. ತಲೆ ಎತ್ತಿದೆ. ಸೀಟು ಖಾಲಿ.

ಜೀಪಿನ ಸುತ್ತ ಒಂದು ಸುತ್ತು ಬಂದೆ. ಸುತ್ತಲೂ ಬಿಳಿ, ಬಿಳಿಯ ಮೇಲೆ ನೀರಿನಂತೆ ನಡುಗುವ ಬಿಸಿಲು, ಬೇರೇನೂ ಇಲ್ಲ. ಆ ಗಟ್ಟಿ ನೆಲದಲ್ಲಿ ಹೆಜ್ಜೆಯ ಗುರುತು ಮೂಡುವುದಿಲ್ಲ. ಆ ಬಿಸಿಲಿನಲ್ಲಿ ಮುನ್ನೂರು ಹೆಜ್ಜೆ ಆಚೆ ಹೋದ ಮನುಷ್ಯ ಕಾಣುವುದಿಲ್ಲ, ಕರಗಿಬಿಡುತ್ತಾನೆ. ಅಪ್ಪನ ಟೋಪಿ ಸೀಟಿನ ಮೇಲೆಯೇ ಇತ್ತು. ನೀರಿನ ಬಾಟಲಿಯೂ ಅಲ್ಲಿಯೇ ಇತ್ತು.

"ಅಪ್ಪಾ" ಎಂದು ಕೂಗಿದೆ. ದನಿ ಬಾಯಿಂದ ಹೊರಬಿದ್ದು ಅಲ್ಲಿಯೇ ಒಣಗಿತು. ಒಂದು ದಿಕ್ಕು ಹಿಡಿದು ಓಡಿದೆ. ಇನ್ನೂರು ಹೆಜ್ಜೆ ಹೋಗಿ ಹಿಂತಿರುಗಿ ನೋಡಿದರೆ ಜೀಪು ನೆಲ ಬಿಟ್ಟು ಮೇಲೆ ತೇಲುತ್ತಿತ್ತು, ಅರ್ಧ ಆಗಲೇ ಅಳಿಸಿಹೋಗಿತ್ತು. ಇನ್ನೂ ಮುಂದೆ ಹೋದರೆ ನಾನೂ ಕಳೆದೆ, ಜೀಪೂ ಕಳೆಯಿತು, ಅವನು ಹೇಗೋ ಹಿಂತಿರುಗಿದರೂ ನೀರು ಕೊಡುವವರಿಲ್ಲ. ಏನೇ ಆಗಲಿ ಗಾಡಿ ಬಿಟ್ಟು ಹೋಗಬಾರದು ಎಂದು ನನಗೆ ಕಲಿಸಿದವನೇ ಅವನು. ಅವನೇ ಬಿಟ್ಟು ಹೋಗಿದ್ದ. ವಾಪಸ್ ಓಡಿಬಂದು ಹಾರ್ನ್ ಒತ್ತಿದೆ. ಬ್ಯಾಟರಿಯ ಜೀವ ನಾನೇ ತೆಗೆದಿದ್ದೆನಲ್ಲ, ಅದು ಕಪ್ಪೆಯಂತೆ ಒಮ್ಮೆ ವಟಗುಟ್ಟಿ ನಿಂತಿತು.

ಆಗ ಗಂಟೆ ನೆನಪಾಯಿತು.

ಸೀಟಿನ ಮೇಲೆ ಹತ್ತಿ ನಿಂತು ಬಾರಿಸಿದೆ. ಆ ಸದ್ದು ಎಷ್ಟು ದೊಡ್ಡದೆಂದು ನಾಲ್ಕು ಗೋಡೆಯೊಳಗೆ ಬಾರಿಸಿದವರಿಗೆ ಗೊತ್ತಾಗುವುದಿಲ್ಲ. ಢಣ್ ಎಂದು ಹೊರಟದ್ದು ಎಲ್ಲಿಯೂ ತಡೆಯಿಲ್ಲದೆ ಹೋಗುತ್ತಲೇ ಇತ್ತು. ನಾಲ್ಕೂ ದಿಕ್ಕಿಗೆ ತಿರುಗಿ ತಿರುಗಿ ಬಾರಿಸಿದೆ. ಬಲಗೈ ಸೋತರೆ ಎಡಗೈಗೆ ಬದಲಿಸಿದೆ, ಎರಡೂ ಸೋತರೆ ಎರಡರಲ್ಲೂ ಹಿಡಿದೆ. ಬಾರಿಸುತ್ತಾ ಬಾರಿಸುತ್ತಾ ಅಮ್ಮನ ಮುಖ ಕಣ್ಣೆದುರು ಬಂತು. ಇಷ್ಟನ್ನೂ ವಾಪಸ್ ಕರ್ಕೊಂಡು ಬಾ. ಮೇಜಿನ ಮೇಲೆ ಸಾಲಾಗಿಟ್ಟ ಹತ್ತು ಸಾಮಾನು, ತೊಡೆಯ ಮೇಲೆ ಮಡಚಿದ ಅಪ್ಪನ ಎರಡು ಕೈ ಕಂಡವು. ಅವನು ಹೋದದ್ದು ಇವತ್ತಲ್ಲ, ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ಹೋಗುತ್ತಿದ್ದಾನೆ, ನಾನು ಹಿಂದಿನಿಂದ ಬೈಯುತ್ತಾ ನಿಂತಿದ್ದೇನೆ ಅನ್ನಿಸಿ ಅಳು ಬಂತು. ಅಳುತ್ತಲೇ ಬಾರಿಸಿದೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಹೊತ್ತು ಅನ್ನುವುದೇ ಅಲ್ಲಿ ಇರಲಿಲ್ಲ, ಬಿಳಿ ಮತ್ತು ಢಣ್ ಎರಡೇ ಇದ್ದವು. ನಡುವೆ ಒಮ್ಮೆ ನಿಂತಲ್ಲೇ ಕಣ್ಣು ಮುಚ್ಚಿತೇನೋ. ಚಾಪೆಯ ಮೇಲಿದ್ದೆ, ಪರದೆ ಉಬ್ಬಿತ್ತು, ಯಾರೋ ಬೆನ್ನು ತಟ್ಟುತ್ತಿದ್ದರು.

ಕಣ್ಣು ಬಿಟ್ಟಾಗ ನೀರಿಲ್ಲದ ಆ ನೀರಿನ ಮೇಲೆ ಒಂದು ಕಪ್ಪು ಗೆರೆ ನಡುಗುತ್ತಿತ್ತು. ಗೆರೆ ಎರಡಾಯಿತು, ಮತ್ತೆ ಒಂದಾಯಿತು, ಅದಕ್ಕೆ ಕಾಲು ಮೂಡಿತು. ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಂಜೆ ವಾಕಿಂಗ್ ಹೋಗಿ ಬರುವವನಂತೆ ನಿಧಾನವಾಗಿ ಬರುತ್ತಿದ್ದ.

ಹತ್ತಿರ ಬಂದು, ನನ್ನ ಕೈಯಲ್ಲಿದ್ದ ಗಂಟೆಯನ್ನು ನೋಡಿ, ಆಮೇಲೆ ನನ್ನ ಮುಖ ನೋಡಿ ಕೇಳಿದ. "ಒಂದು ಗಂಟೆ ಆಯ್ತಾ?"

ಬಾಟಲಿ ಬಾಯಿಗಿಟ್ಟು ನೀರು ಕುಡಿಸಿದೆ, ಟೋಪಿ ಹಾಕಿದೆ, ಅಂಗಿ ಹಿಡಿದುಕೊಂಡು ನಿಂತೆ. ಅವನು ಮೆಲ್ಲಗೆ ನನ್ನ ಕೈ ಬಿಡಿಸಿ ಬಾನೆಟ್ಟಿನ ಬಳಿ ಹೋದ. ಪೆಟ್ರೋಲಿನ ಪೈಪಿನ ಮೇಲೆ ಅಂಗೈ ಇಟ್ಟು ನೋಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

"ತಣ್ಣಗಾಗಿದೆ. ಬಿಸಿಗೆ ಒಳಗಡೆ ಪೆಟ್ರೋಲು ಆವಿಯಾಗಿಬಿಡುತ್ತೆ ಕಣೇ, ಪಂಪಿಗೆ ಎಳೆಯೋಕೆ ಆಗಲ್ಲ. ಏನೂ ಬಿಚ್ಚಬಾರ್ದು, ಬೈಯಬಾರ್ದು. ಒಂದು ಗಂಟೆ ಬಿಟ್ಟುಬಿಡಬೇಕು, ತಾನೇ ಸರಿಹೋಗುತ್ತೆ. ಇಲ್ಲೇ ಕೂತಿದ್ರೆ ಕೈ ಸುಮ್ನಿರಲ್ಲ ಅಂತ ನಾನು ದೂರ ಹೋಗಿಬಿಡ್ತೀನಿ."

ಎರಡು ವರ್ಷದಲ್ಲಿ ಅಪ್ಪ ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ಮಧ್ಯದಲ್ಲಿ ಒಂದು ಪದಕ್ಕೂ ತಡವರಿಸಲಿಲ್ಲ.

"ಅದೂ ಪಟ್ಟಿಲಿ ಇದ್ದಿದ್ದಾ ಅಪ್ಪ? ಗಂಟೆ ಒಂದು ಅಂದ್ರೆ ಅದಾ?"

"ಮತ್ತೆ? ಎಲ್ಲಾ ಇಟ್ಕೊಂಡು ಅದೊಂದು ಇಲ್ಲದಿದ್ರೆ ಏನು ಬಂತು."

"ಒಂದಿನಾನೂ ಬಿಡಿಸಿ ಹೇಳ್ಲಿಲ್ವಲ್ಲ ನೀನು."

"ಅಷ್ಟೊತ್ತಿಗೆ ನೀನು ನಿದ್ದೆ ಹೋಗ್ಬಿಡ್ತಿದ್ದೆ ವಾಷರು," ಎಂದ ಅಪ್ಪ.

ಬ್ಯಾಟರಿ ಸತ್ತಿತ್ತು, ಇಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲನ್ನು ಸೀಟಿನ ಹಿಂದಿನಿಂದ ತೆಗೆದು ಮುಂದೆ ಸಿಕ್ಕಿಸಿದೆ. ಬಂಪರಿನ ಬಳಿ ಅವನೂ ಕೈ ಸೇರಿಸಿದ. ಮೊದಲ ಸುತ್ತಿಗೆ ಏನಿಲ್ಲ, ಎರಡನೆಯದಕ್ಕೆ ಒಂದು ಉಸಿರು, ಮೂರನೆಯ ಸುತ್ತಿಗೆ ಜೀಪು ಏನೂ ಆಗಿಯೇ ಇಲ್ಲವೆಂಬಂತೆ ಗುರುಗುಟ್ಟತೊಡಗಿತು. ಉಳಿದ ಮೂರು ಕಂಬಗಳನ್ನು ಇನ್ನೊಂದು ದಿನಕ್ಕೆ ಬಿಟ್ಟು ಮನೆಯ ಕಡೆ ತಿರುಗಿಸಿದೆ. ಅಪ್ಪನ ಕಣ್ಣು ಸ್ವಲ್ಪ ಹೊತ್ತಿನಲ್ಲೇ ಮುಚ್ಚಿತು. ನಾನು ಮೆಲ್ಲನೆ ಜಾಕಿ ಒಂದು, ಹಲಗೆ ಒಂದು ಎಂದು ಶುರು ಮಾಡಿದೆ. ಸೋಪಿನ ಹತ್ತಿರ ಬರುವಾಗ ಅವನ ಉಸಿರು ಒಂದೇ ಸಮ ಆಗಿತ್ತು. ನಾನು ನಿಲ್ಲಿಸದೆ ಅಮ್ಮ ಬರೆದುಕೊಟ್ಟ ಕೊನೆಯ ತನಕ ಹಾಡಿದೆ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎಲ್ಲವನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಅವನ ತಲೆಯಿಂದ ಟೋಪಿ ತೆಗೆದುಕೊಂಡು, "ಎಷ್ಟೊತ್ತಿಗೆ ಬಂದ್ರು ವಾಪಸ್?" ಎಂದು ಕೇಳಿದಳು.

"ಒಂದಾಗಿತ್ತೇನೋ."

"ನಾನು ಹೇಳಿರ್ಲಿಲ್ವಾ," ಎಂದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಒಳಗೆ ಅವಳು ಮೂಗು ಸೀಟಿಕೊಂಡದ್ದು ಕೇಳಿಸಿತು.

ಡೀಸೆಲ್ ಗಾಡಿ ರಿಪೇರಿಯಾಗಿ ಬಂತು. ಹಳೆಯ ಜೀಪು ಮತ್ತೆ ತಾಡಪತ್ರಿ ಹೊದ್ದುಕೊಂಡಿತು. ಆ ದಿನದ ಉದ್ದದ ಮಾತು ಅಪ್ಪನ ಬಾಯಿಂದ ಆಮೇಲೆ ಬರಲಿಲ್ಲ. ಮೇಜಿನ ಮೇಲೆ ಸಾಮಾನು ಸಾಲಾಗಿಡುವುದನ್ನು ನಾನು ಬಿಟ್ಟೆ. ಇಷ್ಟು ದಿನ ಅವನ ಮೇಲೂ ಸ್ಪ್ಯಾನರ್ ಹಿಡಿದು ಬಗ್ಗಿದ್ದೆ, ಒತ್ತಿ ಒತ್ತಿ ಇದ್ದ ಬ್ಯಾಟರಿಯನ್ನೂ ಮುಗಿಸುತ್ತಿದ್ದೆ. ಡಾಕ್ಟರ ಮಾತು ಅವರ ಹತ್ತಿರವೇ ಇರಲಿ.

ಮೊನ್ನೆ ಸಂಜೆ ಕಚೇರಿಯಿಂದ ಬಂದಾಗ ಅಪ್ಪ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ನನಗಾಗಿ ಅವನು ಎದ್ದು ನಿಂತದ್ದು ಅದೇ ಮೊದಲು.

"ಯಾರು ಬೇಕಾಗಿತ್ತಮ್ಮ ನಿಮಗೆ?" ಎಂದ.

ಜೀವಮಾನದಲ್ಲಿ ಅಪ್ಪ ನನ್ನನ್ನು ನೀವು ಎಂದಿರಲಿಲ್ಲ. ಹಳೆಯ ನಾನಾಗಿದ್ದರೆ ಭುಜ ಹಿಡಿದು ಅಲುಗಾಡಿಸುತ್ತಿದ್ದೆ.

"ನಾನು ಡ್ರೈವರ್," ಎಂದೆ.

"ಓ, ಬಯಲಿಗೆ ಹೋಗೋರಾ?" ಅವನ ಮುಖ ಅರಳಿತು. "ಎಲ್ಲಾ ಹಾಕ್ಕೊಂಡಿದ್ದೀರಾ? ಜಾಕಿ, ಹಲಗೆ?"

"ಹಾಕ್ಕೊಂಡಿದೀನಿ."

"ಗಂಟೆ?"

"ಇಟ್ಕೊಂಡಿದೀನಿ," ಎಂದು ಹೇಳಿ, ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತೆ.